ಬೂದಿಯ ಎರಡು ನೆರಳು

ಕೈಯಲ್ಲಿದ್ದ ಫೋಟೊ ಕಾಗದದ ಪೊಟ್ಟಣ ಜಾರಿ ನೆಲಕ್ಕೆ ಬಿತ್ತು. ಸಹಾಯಕಿ ಕಿರುಚಿದಳು.

ಹೊರಮೆಟ್ಟಿಲಿನ ಬುಡದಲ್ಲಿ ಅವಳ ಯಜಮಾನಿ ಬಿದ್ದಿದ್ದಳು. ಅಂಗಾತ. ತಲೆ ಕೆಳಗೆ, ಕಾಲು ಮೇಲಿನ ಮೆಟ್ಟಿಲುಗಳ ಕಡೆಗೆ. ತಲೆಯಡಿಯ ಕಲ್ಲು ತೊಯ್ದಿತ್ತು. ಒಂದು ಚಪ್ಪಲಿ ಕಾಲಿನಲ್ಲೇ ಇತ್ತು, ಇನ್ನೊಂದು ಮೇಲೆಲ್ಲೋ ಉಳಿದಿತ್ತು. ತೆರೆದ ಕಣ್ಣು ಸಂಜೆಯ ಆಕಾಶವನ್ನು ನೋಡುತ್ತಿತ್ತು.

ಸತ್ತವಳು ಊರಿಗೆಲ್ಲ ಗೊತ್ತಿದ್ದ ಛಾಯಾಗ್ರಾಹಕಿ. ಮನುಷ್ಯರ ಫೋಟೊ ತೆಗೆಯುತ್ತಿರಲಿಲ್ಲ. ನಾಯಿ, ಬೆಕ್ಕು, ಮೊಲ, ಗಿಳಿ, ಅಷ್ಟೇ. ಅದೂ ಕಪ್ಪು ಬಿಳುಪಿನಲ್ಲಿ, ಹಳೇ ರೀಲು ಕ್ಯಾಮೆರಾದಲ್ಲಿ. ಜನ ತಮ್ಮ ಮುದ್ದಿನ ನಾಯಿಯನ್ನು ಕಂಕುಳಲ್ಲಿಟ್ಟುಕೊಂಡು ದೂರದಿಂದ ಬಂದು ಸರದಿ ಕಾಯುತ್ತಿದ್ದರು. ಕಳೆದ ವರ್ಷ ‘ಬೂದಿ’ ಎಂಬ ಬೆಕ್ಕಿನ ಫೋಟೊಗೆ ಹೊರದೇಶದ ದೊಡ್ಡ ಪ್ರಶಸ್ತಿ ಬಂದಿತ್ತು. ಅಂದಿನಿಂದ ಅವಳ ಹೆಸರು ಹಾರಿತ್ತು. ಜೊತೆಗೆ ಸುತ್ತಲಿನ ಬಹಳ ಜನರ ನಿದ್ದೆಯೂ.

ಇನ್‌ಸ್ಪೆಕ್ಟರ್ ಬಂದಾಗ ಬೀದಿಯ ಜನವೆಲ್ಲ ಗೇಟಿನ ಮುಂದೆ ಸೇರಿತ್ತು. ಅವಳು ಯಾರ ಮುಖವನ್ನೂ ನೋಡದೆ ನೇರ ಮೆಟ್ಟಿಲ ಬಳಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತಳು.

“ಜಾರಿ ಬಿದ್ದಿರೋದು ಮೇಡಂ,” ಎಂದ ದಫೇದಾರ. ದಪ್ಪ ಹೊಟ್ಟೆಯ, ಒಳ್ಳೆಯ ಮನಸ್ಸಿನ ಮನುಷ್ಯ. “ಈ ಮೆಟ್ಟಿಲು ನೋಡಿ. ಹತ್ತೋವಾಗ್ಲೇ ನನ್ನ ಜೀವ ಬಾಯಿಗೆ ಬಂತು.”

“ಇಳಿಯೋರು ಜಾರಿದ್ರೆ ಹೇಗೆ ಬೀಳ್ತಾರೆ, ದಫೇದಾರ್ರೆ?”

“ಹೇಗೆ ಅಂದ್ರೆ... ಧೊಪ್ ಅಂತ ಕೂತು.”

“ಹೌದಲ್ವಾ. ಕಾಲು ಮುಂದೆ ಬರುತ್ತೆ. ಇಲ್ಲ, ಮುಗ್ಗರಿಸಿದ್ರೆ ಮುಖ ಅಡಿಯಾಗಿ ಬೀಳ್ತಾರೆ. ಇವರು ನೋಡಿ, ತಲೆ ಕೆಳಗೆ, ಮುಖ ಮೇಲೆ. ಹಿಮ್ಮುಖವಾಗಿ ಉರುಳಿದಾರೆ. ಅಂದ್ರೆ ಬೀಳೋ ಹೊತ್ತಲ್ಲಿ ಮೆಟ್ಟಿಲಿಗೆ ಬೆನ್ನು ಹಾಕಿ ನಿಂತಿದ್ರು. ಮನೆಯೊಳಗೆ ಮುಖ.”

“ಯಾಕೆ ಮೇಡಂ?”

“ಒಳಗೆ ಯಾರೋ ಇದ್ರು, ಅದಕ್ಕೆ.”

* * *

ಸ್ಟುಡಿಯೊ ಮೇಲಿನ ಮಹಡಿಯಲ್ಲಿ. ಉದ್ದನೆಯ ಒಂದೇ ಕೋಣೆ. ಉತ್ತರದ ಗೋಡೆಯ ತುಂಬ ದೊಡ್ಡ ಕಿಟಕಿ. ಆ ಕಿಟಕಿಗೆ ಬಿಸಿಲು ಬೀಳುವುದೇ ಇಲ್ಲ, ಹಾಲಿನಂಥ ತಣ್ಣನೆಯ ಬೆಳಕು ಮಾತ್ರ ಬರುತ್ತದೆ. ಪೂರ್ವಕ್ಕೆ ಮೆಟ್ಟಿಲ ಬಾಗಿಲು. ನಡುವೆ ಒಂದು ಮರದ ಸ್ಟೂಲು. ಅದಕ್ಕೆ ಎದುರಾಗಿ, ಪಶ್ಚಿಮದ ಗೋಡೆಗೆ ಬೆನ್ನು ಕೊಟ್ಟು, ಟ್ರೈಪಾಡಿನ ಮೇಲೆ ಕ್ಯಾಮೆರಾ. ಟ್ರೈಪಾಡಿನ ಬಲಕ್ಕೆ, ಅದೇ ಪಶ್ಚಿಮದ ಗೋಡೆಯಲ್ಲಿ, ಇನ್ನೊಂದು ಬಾಗಿಲು. ಮೂಲೆಯಲ್ಲಿ ಉದ್ದ ಕಾಲಿನ ಒಂದು ಸ್ಟುಡಿಯೊ ದೀಪ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಪರಾಧ ನಡೆದ ಜಾಗದ ಫೋಟೊ ತೆಗೆಯುವ ಕೆಲಸ ಇನ್‌ಸ್ಪೆಕ್ಟರಿನ ಪಾಲಿಗೆ ಬಂದಿತ್ತು. ಹಾಗಾಗಿ ಈ ಕೋಣೆ ಅವಳಿಗೆ ಕೂಡಲೇ ಅರ್ಥವಾಯಿತು. ಅರ್ಥವಾಗದ್ದು ಆ ದೀಪ.

“ಅಮ್ಮಾವ್ರು ದೀಪ ಬಳಸ್ತಿದ್ರಾ?” ಸಹಾಯಕಿಯನ್ನು ಕೇಳಿದಳು.

“ಜನ್ಮದಲ್ಲಿ ಇಲ್ಲ. ಇದು ಎದುರು ಸ್ಟುಡಿಯೊದವರದ್ದು. ನಾನು ಮಧ್ಯಾಹ್ನ ಕಾಗದ ತರೋಕೆ ಹೊರಟಾಗಲೇ ಇಲ್ಲಿತ್ತು. ಬೆಳಿಗ್ಗೆ ಅವರೇ ಹೊತ್ಕೊಂಡು ಬಂದಿದ್ರು.”

“ಕ್ಯಾಮೆರಾದಲ್ಲಿ ರೀಲು ಇದೆಯಾ?”

“ನಾನೇ ಹಾಕಿ ಹೋಗಿದ್ದೆ. ಹೊಸದು.” ಸಹಾಯಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ರೀಲು ಹಾಕೋದು ನಾನು, ತೊಳೆಯೋದು ನಾನು, ಪ್ರಿಂಟ್ ಹಾಕೋದು ನಾನು. ಪ್ರಶಸ್ತಿ ಬಂತಲ್ಲ, ಆ ಫೋಟೊದ ಒಂದೊಂದು ಕೂದಲೂ ಎದ್ದು ಕಾಣೋ ಹಾಗೆ ಮಾಡಿದ್ದು ಈ ಕೈ. ಸಮಾರಂಭಕ್ಕೆ ಹೋಗಿದ್ದು ಅವರೊಬ್ಬರೇ.”

ಹೇಳಿಬಿಟ್ಟ ಮೇಲೆ ಅವಳಿಗೇ ಹೆದರಿಕೆಯಾಯಿತು. ಇನ್‌ಸ್ಪೆಕ್ಟರ್ ಪಶ್ಚಿಮದ ಬಾಗಿಲನ್ನು ತಳ್ಳಿ ನೋಡಿದಳು. ಅಲುಗಲಿಲ್ಲ. ಈ ಕಡೆ ಚಿಲಕವೇ ಇರಲಿಲ್ಲ.

“ಅದು ಅವರಕ್ಕನ ಭಾಗಕ್ಕೆ ಹೋಗೋ ಬಾಗಿಲು. ಚಿಲಕ ಆ ಕಡೆ. ಪ್ರಶಸ್ತಿ ಬಂದ ಮೇಲೆ ಅಕ್ಕ ತಂಗಿಗೆ ಏನೋ ಮಾತಾಯ್ತು. ಅವತ್ತಿಂದ ತೆಗೆದಿಲ್ಲ.”

* * *

ಅಕ್ಕ ದರ್ಜಿ. ಬೀದಿಯವರೆಲ್ಲ ‘ಹೊಲಿಗೆ ಅಕ್ಕ’ ಎನ್ನುತ್ತಿದ್ದರು. ಮನೆಯ ಹಿಂಭಾಗದ ಬೇರೆ ಮೆಟ್ಟಿಲು ಹತ್ತಿ ಅವಳ ಕೋಣೆಗೆ ಹೋಗಬೇಕು. ಪಶ್ಚಿಮದ ಕಿಟಕಿಯ ಕೆಳಗೆ ಹೊಲಿಗೆ ಮಿಶನ್ನು. ಅದರ ಎದುರು ಗೋಡೆಗೆ ಒತ್ತಿ ಬಟ್ಟೆ ನೇತುಹಾಕುವ ಉದ್ದನೆಯ ಸ್ಟ್ಯಾಂಡು. ಅರ್ಧ ಹೊಲಿದ ಕೋಟು, ಫ್ರಾಕುಗಳ ಸಂದಿನಲ್ಲಿ ಆ ಮುಚ್ಚಿದ ಬಾಗಿಲಿನ ಚೌಕಟ್ಟು ಕಾಣುತ್ತಿತ್ತು.

ಅಕ್ಕ ಅಳುತ್ತಿರಲಿಲ್ಲ. ಕಣ್ಣು ಕೆಂಪಾಗಿತ್ತು. ತೊಡೆಯ ಮೇಲೆ ಬೂದುಬಣ್ಣದ ಬೆಕ್ಕು ಮಲಗಿತ್ತು.

“ಇದೇನಾ ಆ ಬೂದಿ?”

“ಇದೇ. ಕಣ್ಣು ಬಿಡೋ ಮುಂಚೆ ಮೋರಿ ಪಕ್ಕ ಸಿಕ್ಕಿತ್ತು ನನಗೆ. ಹತ್ತಿ ಅದ್ದಿ ಅದ್ದಿ ಹಾಲು ಕುಡಿಸಿದೆ.” ಅವಳ ಕೈ ಬೆಕ್ಕಿನ ಬೆನ್ನ ಮೇಲೆ ಆಡುತ್ತಿತ್ತು. ಮುಂಗೈಯಲ್ಲಿ ಪರಚಿದ ಗೆರೆಗಳಿದ್ದವು. “ಕಿಟಕಿ ಅಂಚು ಹಿಡಿದು ಅವಳ ಕಡೆ ಹೋಗಿಬಿಡುತ್ತೆ. ತಡೆಯೋಕಾಗುತ್ತಾ? ಬೆಕ್ಕು.”

“ಮಧ್ಯಾಹ್ನ ಎಲ್ಲಿದ್ರಿ?”

“ಇಲ್ಲೇ. ಒಂದು ಮದುವೆ ಬಟ್ಟೆ ಮುಗಿಸೋದಿತ್ತು. ಊಟ ಮಾಡಿ ಕೂತವಳು, ಕೆಳಗೆ ಗಲಾಟೆ ಆಗೋ ತನಕ ಎದ್ದಿಲ್ಲ.”

“ಯಾರಾದ್ರೂ ಬಂದಿದ್ರಾ?”

“ಯಾರೂ ಇಲ್ಲ.”

“ಪಕ್ಕದ ಕೋಣೆಯಿಂದ ಏನಾದ್ರೂ ಕೇಳಿಸ್ತಾ?”

“ಮಿಶನ್ ಸದ್ದಲ್ಲಿ ಏನು ಕೇಳುತ್ತೆ ಮೇಡಂ? ಆ ಬಾಗಿಲೂ ವರ್ಷದಿಂದ ಮುಚ್ಚಿದೆ.” ಆಮೇಲೆ ಸೇರಿಸಿದಳು: “ಎದುರು ಸ್ಟುಡಿಯೊದವರನ್ನ ವಿಚಾರಿಸಿ. ಅವರ ಬಾಯಿಗೆ ಬೀಗ ಇಲ್ಲ.”

ನಿಜವೇ. ಎದುರು ಸ್ಟುಡಿಯೊದ ಮಾಲೀಕನ ಬಾಯಿಗೆ ಬೀಗವಿರಲಿಲ್ಲ. “ಒಂದು ದಿನ ಆ ಮೆಟ್ಟಿಲಿಂದ ಉರುಳ್ತಾಳೆ ನೋಡ್ತಿರಿ” ಎಂದು ಅವನು ಚಹಾ ಅಂಗಡಿಯಲ್ಲಿ ಹೇಳಿದ್ದನ್ನು ಕೇಳದವರೇ ಆ ಬೀದಿಯಲ್ಲಿರಲಿಲ್ಲ. ಅವನ ಅಂಗಡಿಯ ಗಾಜಿನ ಹಿಂದೆ ಬಣ್ಣಬಣ್ಣದ ಮದುಮಕ್ಕಳು ನಗುತ್ತಿದ್ದರು. ಗಾಜಿನ ಮೇಲೆ ಧೂಳು ಕೂತಿತ್ತು. ಇನ್‌ಸ್ಪೆಕ್ಟರನ್ನು ಕಂಡದ್ದೇ ಬೆವರತೊಡಗಿದ.

“ದೀಪ ನಂದೇ. ಬೆಳಿಗ್ಗೆ ಕೊಟ್ಟು ಬಂದೆ. ‘ಕಿಟಕಿ ನಂಬ್ಕೊಂಡು ಎಷ್ಟು ದಿನ ಇರ್ತೀಯ, ಒಂದು ಸಲ ದೀಪ ಹಾಕಿ ತೆಗೆದು ನೋಡು’ ಅಂದೆ.”

“ನೀವೇ ಬಾಯ್ತುಂಬ ಬಯ್ತಿದ್ದವರಿಗೆ ಉಡುಗೊರೆ?”

ಅವನು ಕನ್ನಡಕ ತೆಗೆದು ಒರೆಸಿದ. “ನಿಜ ಹೇಳಲಾ ಮೇಡಂ? ದೀಪ ಹಾಕಿದ್ರೆ ಅವಳ ಫೋಟೊನೂ ನನ್ನ ಫೋಟೊ ತರಾನೇ ಬರುತ್ತೆ ಅಂತ ಆಸೆ. ಹಾಳಾಗ್ಲಿ ಅಂತ ಕೊಟ್ಟೆ. ಅಷ್ಟೇ ನನ್ನ ಪಾಪ.”

ದಾರಿಯಲ್ಲಿ ದಫೇದಾರ ಗೊಣಗಿದ: “ಇವನಿಗೆ ಹೊಟ್ಟೆಕಿಚ್ಚು, ಆ ಸಹಾಯಕಿಗೂ ಹೊಟ್ಟೆಕಿಚ್ಚು. ಯಾರನ್ನ ಹಿಡಿಯೋದು?”

“ಹೊಟ್ಟೆಕಿಚ್ಚೇ ಸಾಕ್ಷಿ ಆದ್ರೆ ಇಡೀ ಬೀದಿನ ಒಳಗೆ ಹಾಕ್ಬೇಕು, ದಫೇದಾರ್ರೆ. ನನ್ನನ್ನೂ ಸೇರಿಸಿ.”

ದಫೇದಾರ ನಕ್ಕ. ಅವಳು ನಗಲಿಲ್ಲ.

* * *

ಅವಳ ಹೊಟ್ಟೆಕಿಚ್ಚಿಗೆ ಒಂದು ಮುಖವಿತ್ತು. ಆ ಮುಖ ಈಗ ಠಾಣೆಯಲ್ಲಿ, ಅವಳ ಕುರ್ಚಿಯಲ್ಲೇ ಕೂತಿತ್ತು. ಸಾಹೇಬ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ತರಬೇತಿಯಲ್ಲಿ ಅವನಿಗೆ ವರದಿ ಬರೆಯಲು ಕಲಿಸಿದ್ದು ಅವಳು. ಅವಳು ಬಿಡಿಸಿದ ಎರಡು ದೊಡ್ಡ ಪ್ರಕರಣಗಳನ್ನು ಪತ್ರಿಕೆಯವರ ಮುಂದೆ ಹೇಳಿದ್ದು ಅವನು. ಬಡ್ತಿ ಯಾರಿಗೆ ಬಂತೆಂದು ಹೇಳಬೇಕಾಗಿಲ್ಲ. ಈಗ ಅವಳು ಅವನಿಗೆ ಸೆಲ್ಯೂಟ್ ಹೊಡೆಯಬೇಕು. ಹೊಡೆಯುತ್ತಿದ್ದಳು. ಪ್ರತಿ ಸಲವೂ ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದಂತಾಗುತ್ತಿತ್ತು.

“ಏನು ಸಿಕ್ತು?” ಎಂದ ಸಾಹೇಬ.

“ರೀಲು ತೊಳೆಸ್ಬೇಕು ಸರ್.”

“ಬೆಕ್ಕಿನ ಫೋಟೊ ನೋಡಿ ಕೊಲೆಗಾರನ್ನ ಹಿಡಿತೀಯಾ?”

“ನೋಡೋದ್ರಲ್ಲಿ ಏನು ಹೋಗುತ್ತೆ ಸರ್?”

ಮರುದಿನ ಬೆಳಿಗ್ಗೆ ಸಹಾಯಕಿ ಡಾರ್ಕ್‌ರೂಮಿನ ಬಾಗಿಲು ಮುಚ್ಚಿದಳು. ಕತ್ತಲಲ್ಲೇ ರೀಲು ತೊಳೆದಾದ ಮೇಲೆ ಕೆಂಪು ದೀಪ ಹತ್ತಿತು. ರೀಲಿನಲ್ಲಿ ಇದ್ದದ್ದು ಕೆಲವೇ ಚಿತ್ರ. ಎಲ್ಲದರಲ್ಲೂ ಬೂದಿ, ಸ್ಟೂಲಿನ ಮೇಲೆ, ಹೆಚ್ಚಿನವುಗಳಲ್ಲಿ ಬೇಸರದ ಮುಖ ಮಾಡಿಕೊಂಡು. ಕೊನೆಯದನ್ನು ದೊಡ್ಡ ಕಾಗದಕ್ಕೆ ಇಳಿಸಿ ಸಹಾಯಕಿ ಟ್ರೇಯೊಳಗೆ ತೇಲಿಸಿದಳು. ದ್ರಾವಣ ಅಲುಗಿತು. ಬಿಳಿ ಕಾಗದದೊಳಗಿಂದ ಮೊದಲು ಎರಡು ಕಪ್ಪು ಕಣ್ಣು ಎದ್ದು ಬಂದವು. ಆಮೇಲೆ ಕಿವಿ, ಮೀಸೆ, ಸ್ಟೂಲು. ಕೊನೆಗೆ ನೆಲ.

ಸಹಾಯಕಿ ಟ್ರೇಯ ಮೇಲೆ ಬಗ್ಗಿದಳು. “ಎರಡು ನೆರಳು!”

ಹೌದು. ಬೇರೆ ಎಲ್ಲ ಚಿತ್ರಗಳಲ್ಲೂ ಬೂದಿಗೆ ಒಂದೇ ನೆರಳು. ಎಡಗಡೆಯ ಉತ್ತರದ ಕಿಟಕಿಯ ಬೆಳಕಿಗೆ ಬಲಗಡೆ ಚೆಲ್ಲಿದ, ಅಂಚೇ ಗೊತ್ತಾಗದ ಮಸುಕು ನೆರಳು. ಈ ಕೊನೆಯದರಲ್ಲಿ ಅದರ ಜೊತೆಗೆ ಇನ್ನೊಂದಿತ್ತು. ಬೆಕ್ಕಿನ ಹಿಂದೆ, ಎಡಕ್ಕೆ ಓರೆಯಾಗಿ, ಉದ್ದಕ್ಕೆ, ಕತ್ತರಿಯಲ್ಲಿ ಕತ್ತರಿಸಿದಷ್ಟು ಚೂಪಾಗಿ.

“ಅಮ್ಮಾವ್ರು ಇಂಥದ್ದಕ್ಕೆ ಅವಕಾಶಾನೇ ಕೊಡ್ತಿರಲಿಲ್ಲ,” ಎಂದಳು ಸಹಾಯಕಿ. “ಇನ್ನೊಂದು ಬೆಳಕು ಎಲ್ಲಿಂದ ಬಂತು?”

* * *

“ದೀಪ!” ಸಾಹೇಬ ಮೇಜು ಗುದ್ದಿದ. “ಒಂದು ನೆರಳು ಕಿಟಕೀದು, ಇನ್ನೊಂದು ದೀಪದ್ದು. ಯಾರ ದೀಪ? ಅವನದು. ಮತ್ತೆ ಬಂದಿದಾನೆ, ದೀಪ ಹಚ್ಚಿದಾನೆ, ಜಗಳ ಆಗಿದೆ, ತಳ್ಳಿದಾನೆ. ಎತ್ತಾಕ್ಕೊಂಡು ಬನ್ನಿ.”

ಮಧ್ಯಾಹ್ನದ ಹೊತ್ತಿಗೆ ಎದುರು ಸ್ಟುಡಿಯೊದವನು ಲಾಕಪ್ಪಿನಲ್ಲಿದ್ದ. ಸಾಹೇಬ ಕೂದಲು ಬಾಚಿಕೊಂಡು ಪತ್ರಿಕೆಯವರ ಮುಂದೆ ನಿಂತ. ‘ನೆರಳೇ ಹಂತಕನನ್ನು ತೋರಿಸಿಕೊಟ್ಟಿತು’ ಎಂದ. ಟಿವಿಯವರು ಅದನ್ನೇ ತಿರುಗಿಸಿ ಮುರುಗಿಸಿ ಹಾಕಿದರು.

ಇನ್‌ಸ್ಪೆಕ್ಟರ್ ತನ್ನ ಮೇಜಿನ ಮೇಲೆ ಫೋಟೊ ಹರಡಿಕೊಂಡು, ಕೈಯಲ್ಲಿ ಭೂತಗನ್ನಡಿ ಹಿಡಿದು ಕೂತಿದ್ದಳು. ಕಪ್ಪು ಬಿಳುಪು. ಬಣ್ಣವಿದ್ದಿದ್ದರೆ ಕಣ್ಣಿಗೆ ಹೊಡೆದು ಹೇಳುತ್ತಿತ್ತೇನೋ. ಇಲ್ಲಿ ಉಳಿದದ್ದು ಬೆಳಕಿನ ದಾರಿ, ನೆರಳಿನ ಆಕಾರ, ಅಷ್ಟೇ.

ಮೊದಲು ಬೆಕ್ಕಿನ ನೆರಳು ನೋಡಿದಳು. ಆಮೇಲೆ ಸ್ಟೂಲಿನ ನೆರಳು. ಸ್ಟೂಲಿಗೆ ನಾಲ್ಕು ಕಾಲು. ನಾಲ್ಕು ಕಾಲಿನ ನೆರಳೂ ನೆಲದ ಮೇಲೆ ಹಿಂದಕ್ಕೆ ಓಡಿದ್ದವು. ಅವಳು ಅಳತೆಪಟ್ಟಿ ಇಟ್ಟಳು. ಮತ್ತೆ ಇಟ್ಟಳು.

ಹತ್ತಿರದ ದೀಪವಾದರೆ ನೆರಳುಗಳು ಬೀಸಣಿಗೆಯ ಕಡ್ಡಿಗಳ ಹಾಗೆ ಬಿಚ್ಚಿಕೊಳ್ಳುತ್ತವೆ. ದೂರ ಹೋದಷ್ಟೂ ಅವುಗಳ ನಡುವಿನ ಅಂತರ ಹೆಚ್ಚುತ್ತದೆ. ಇಲ್ಲಿ ಹೆಚ್ಚಿರಲಿಲ್ಲ. ರೈಲು ಹಳಿಗಳ ಹಾಗೆ ಜೊತೆಯಾಗಿ ಹೋಗಿದ್ದವು. ದೀಪದ ಬೆಳಕಾದರೆ ಹತ್ತಿರದಲ್ಲಿ ಬೆಳ್ಳಗೆ, ದೂರ ಹೋದಂತೆ ಮಂಕಾಗಬೇಕು. ಇಲ್ಲಿ ಸ್ಟೂಲಿನ ಬುಡದಲ್ಲಿ ಎಷ್ಟು ಬೆಳಕೋ ಹಿಂದಿನ ಗೋಡೆಯ ಮೇಲೂ ಅಷ್ಟೇ.

ನೆರಳು ಬಿಚ್ಚಿಕೊಳ್ಳದಷ್ಟು ದೂರದಿಂದ ಬರುವ ಬೆಳಕು ಒಂದೇ. ಬಿಸಿಲು.

ಆದರೆ ಆ ಕೋಣೆಗೆ ಬಿಸಿಲು ಎಲ್ಲಿಂದ? ಮೆಟ್ಟಿಲ ಬಾಗಿಲು ಪೂರ್ವಕ್ಕಿದೆ, ಸಂಜೆ ಅತ್ತ ಬಿಸಿಲಿಲ್ಲ. ಕಿಟಕಿಯಿಂದ ಬರುವ ಮಾತೇ ಇಲ್ಲ. ಮತ್ತೆ...

ಭೂತಗನ್ನಡಿ ಬೆಕ್ಕಿನ ಕಣ್ಣಿಗೆ ಬಂತು. ಅವಳಿಗೆ ಉತ್ತರ ಸಿಕ್ಕಿತು. ಆದರೂ ಅವಳು ಎದ್ದು ಓಡಲಿಲ್ಲ.

ಟಿವಿಯಲ್ಲಿ ಸಾಹೇಬ ಇನ್ನೂ ಮಾತಾಡುತ್ತಿದ್ದ. ಹೊಟ್ಟೆಯೊಳಗೆ ಬೆಂಕಿಕಡ್ಡಿ ಗೀರಿತು. ಸುಮ್ಮನಿದ್ದರೆ ಸಾಕು, ಎಂದಿತು ಮನಸ್ಸು. ಮಾತಾಡಲಿ. ಇನ್ನೂ ನಾಲ್ಕು ಕಡೆ ಮಾತಾಡಲಿ. ಪ್ರಕರಣ ಕೋರ್ಟಿಗೆ ಹೋಗಲಿ. ಅಲ್ಲಿ ವಕೀಲನೊಬ್ಬ ಅಳತೆಪಟ್ಟಿ ಹಿಡಿದು ನಿಲ್ಲುತ್ತಾನೆ. ಆಗ ಆ ಮುಖ ನೋಡಬೇಕು. ಅವಳು ಫೋಟೊವನ್ನು ಖಾನೆಯೊಳಗೆ ಇಟ್ಟು ಮುಚ್ಚಿದಳು. ಎಷ್ಟೋ ದಿನಗಳ ಮೇಲೆ ಅವಳ ಮನಸ್ಸಿಗೆ ಹಿತವೆನಿಸಿತು.

ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಸ್ಟುಡಿಯೊ ಮಾಲೀಕನ ಹೆಂಡತಿ. ಕೈಯಲ್ಲಿ ಕನ್ನಡಕ.

“ಎಳಕೊಂಡು ಬರೋವಾಗ ಬಿದ್ದೋಯ್ತು ಮೇಡಂ. ಇದಿಲ್ಲದಿದ್ರೆ ಅವರಿಗೆ ಎದುರಿಗಿರೋ ಗೋಡೆನೂ ಕಾಣಲ್ಲ. ಕತ್ತಲಲ್ಲಿ ಕೂತ ಹಾಗೆ ಕೂತಿರ್ತಾರೆ. ಕೊಟ್ಟುಬಿಡ್ತೀರಾ?”

ಕನ್ನಡಕದ ಒಂದು ಗಾಜು ಸೀಳಿತ್ತು. ಇನ್‌ಸ್ಪೆಕ್ಟರ್ ಅದನ್ನು ಕೈಗೆ ತೆಗೆದುಕೊಂಡಳು. ಈಗಷ್ಟೇ ಆಗಿದ್ದ ಹಿತಕ್ಕೆ ಅವಳಿಗೆ ನಾಚಿಕೆಯಾಯಿತು. ಖಾನೆ ಎಳೆದಳು. ಫೋನೆತ್ತಿದಳು.

“ಸರ್, ನಾವು ಹಿಡಿದಿರೋನು ತಪ್ಪು ಮನುಷ್ಯ.”

“ನಿನಗೆ ಇನ್ನೂ ನನ್ನ ಮೇಲೆ ಹೊಟ್ಟೆಕಿಚ್ಚು ಹೋಗಿಲ್ಲ ಅಲ್ವಾ?”

“ಹೋಗಿಲ್ಲ ಸರ್. ಅದು ಬೇರೆ, ಇದು ಬೇರೆ. ನಾಳೆ ಸಂಜೆ ಬಿಸಿಲು ಬಾಗೋ ಹೊತ್ತಿಗೆ ಸ್ಟುಡಿಯೊಗೆ ಬನ್ನಿ. ತೋರಿಸ್ತೀನಿ.”

* * *

ಸಂಜೆ. ಮೋಡವಿರಲಿಲ್ಲ. ಸ್ಟುಡಿಯೊದಲ್ಲಿ ಸಾಹೇಬ ಕೈಕಟ್ಟಿ ನಿಂತಿದ್ದ. ಸೀಳಿದ ಕನ್ನಡಕದ ಮಾಲೀಕ ಗೋಡೆಗೊರಗಿದ್ದ. ಸಹಾಯಕಿ ಫೋಟೊದಲ್ಲಿರುವಂತೆಯೇ ನೆಲದ ಅದೇ ಹಲಗೆಗಳ ಮೇಲೆ ಸ್ಟೂಲು ಇಟ್ಟಳು. ಟ್ರೈಪಾಡು ಕದಲಿರಲಿಲ್ಲ. ಹೊಲಿಗೆ ಅಕ್ಕ ಬೂದಿಯನ್ನೆತ್ತಿಕೊಂಡು ಮೆಟ್ಟಿಲ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದಳು. ದಫೇದಾರ ಕೋಣೆಯಲ್ಲಿರಲಿಲ್ಲ.

“ಮೊದಲು ದೀಪ,” ಎಂದಳು ಇನ್‌ಸ್ಪೆಕ್ಟರ್.

ಮಾಲೀಕ ತನ್ನ ದೀಪವನ್ನು ಟ್ರೈಪಾಡಿನ ಬಲಕ್ಕೆ ತಂದು ಹಚ್ಚಿದ. ಸ್ಟೂಲಿನ ಹಿಂದೆ ನೆರಳು ಬಿತ್ತು. ನಾಲ್ಕು ಕಾಲೂ ನಾಲ್ಕು ದಿಕ್ಕು ಹಿಡಿದವು.

“ನೋಡಿ ಸರ್, ಬಿಚ್ಕೊಂಡು ಹೋಗಿದಾವೆ. ಫೋಟೊದಲ್ಲಿ ಹೇಗಿದೆ?”

ಸಾಹೇಬ ಫೋಟೊ ನೋಡಿದ. ನೆಲ ನೋಡಿದ. ಮತ್ತೆ ಫೋಟೊ ನೋಡಿದ. “ಜೊತೆಜೊತೆಯಾಗಿವೆ,” ಎಂದ, ಒಲ್ಲದ ಮನಸ್ಸಿನಿಂದ.

“ದೀಪ ಆರಿಸಿ. ದಫೇದಾರ್ರೆ!”

ಪಶ್ಚಿಮದ ಬಾಗಿಲಿನಾಚೆ ಏನೋ ಎಳೆದ ಸದ್ದಾಯಿತು. ಬಟ್ಟೆಯ ಸ್ಟ್ಯಾಂಡು. ಚಿಲಕ ಜಾರಿತು. ಸದ್ದೇ ಇಲ್ಲದೆ ಬಾಗಿಲು ತೆರೆಯಿತು. ಅಕ್ಕನ ಕೋಣೆಯ ಕಿಟಕಿಯಿಂದ ಹೊರಟ ಇಳಿಬಿಸಿಲು ಬಾಗಿಲು ದಾಟಿ, ಟ್ರೈಪಾಡಿನ ಪಕ್ಕದಲ್ಲಿ ಹಾದು, ಕೋಣೆಯ ಉದ್ದಕ್ಕೂ ಬಿದ್ದಿತು. ಸ್ಟೂಲಿನ ಹಿಂದೆ, ಎಡಕ್ಕೆ ಓರೆಯಾಗಿ, ನಾಲ್ಕು ನೆರಳು ಹಳಿಗಳಂತೆ ಓಡಿದವು. ಫೋಟೊದಲ್ಲಿ ಯಾವ ಹಲಗೆಯ ಮೇಲೆ ಇದ್ದವೋ ಅದೇ ಹಲಗೆಯ ಮೇಲೆ.

ಸಾಹೇಬ ಬಗ್ಗಿ ಫೋಟೊವನ್ನು ನೆಲದ ಪಕ್ಕ ಹಿಡಿದು ನೋಡಿದ.

“ವರ್ಷದಿಂದ ತೆಗೆಯದ ಬಾಗಿಲು ಕಿರ್ರ್ ಅಂತ ಕೂಡ ಅನ್ನಲಿಲ್ಲ,” ಎಂದಳು ಇನ್‌ಸ್ಪೆಕ್ಟರ್. ದನಿ ಏರಿಸಲಿಲ್ಲ. “ಅದಿರಲಿ. ಅವತ್ತು ಮಧ್ಯಾಹ್ನ ಹೊಸ ರೀಲು ಹಾಕಿ ಸಹಾಯಕಿ ಹೊರಗೆ ಹೋದರು. ಅದರ ಕೊನೆ ಚಿತ್ರ ತೆಗೆಯೋ ಹೊತ್ತಿಗೆ ಈ ಬಾಗಿಲು ತೆರೆದಿತ್ತು. ಚಿಲಕ ಇರೋದು ಆ ಕಡೆ. ಆ ಕೋಣೇಲಿ ಇದ್ದವರು ಒಬ್ಬರೇ. ಊಟ ಆದ ಮೇಲೆ ಎದ್ದಿಲ್ಲ, ಯಾರೂ ಬಂದಿಲ್ಲ ಅಂತ ಅವರೇ ಹೇಳಿದಾರೆ.”

ಎಲ್ಲರ ಕಣ್ಣೂ ಅಕ್ಕನ ಕಡೆ ತಿರುಗಿದವು. ಅವಳು ಬೆಕ್ಕನ್ನು ಇನ್ನೂ ಬಿಗಿಯಾಗಿ ಹಿಡಿದಳು.

“ಬಾಗಿಲು ತೆಗೆದ್ರೆ ಕೊಲೆ ಮಾಡಿದ ಹಾಗಾ?”

“ಇಲ್ಲ. ತೆಗೆದೇ ಇಲ್ಲ ಅಂತ ಸುಳ್ಳು ಹೇಳಿದ್ರಿ, ಅದಕ್ಕೆ ಕೇಳ್ತಿದೀನಿ. ಆಮೇಲೆ ಈ ಕಣ್ಣು ನೋಡಿ.” ಇನ್‌ಸ್ಪೆಕ್ಟರ್ ಬೆಕ್ಕಿನ ಕಣ್ಣನ್ನು ಮಾತ್ರ ದೊಡ್ಡದು ಮಾಡಿಸಿದ್ದ ಪ್ರಿಂಟನ್ನು ಎತ್ತಿ ಹಿಡಿದಳು. “ಬಿಸಿಲು ಬಿದ್ರೆ ಬೆಕ್ಕಿನ ಪಾಪೆ ಗೆರೆಯಷ್ಟು ಸಣ್ಣಗಾಗುತ್ತೆ. ಇಲ್ಲಿ ನೋಡಿ, ಗುಂಡಗೆ ಅಗಲವಾಗಿದೆ. ಬೆಳಕು ಬಂದದ್ದೇ ಆ ಗಳಿಗೇಲಿ. ಸಣ್ಣಗಾಗೋಕೆ ಪುರುಸೊತ್ತೇ ಸಿಕ್ಕಿಲ್ಲ. ಬಾಗಿಲು ತೆರೆದ ಕ್ಷಣಕ್ಕೇ ಚಿತ್ರ ಬಿದ್ದಿದೆ. ಕಣ್ಣೊಳಗೆ ಎರಡು ಹೊಳಪಿದೆ. ಚೌಕದ್ದು ಕಿಟಕಿ. ಉದ್ದದ್ದು ಈ ಬಾಗಿಲು. ಆ ಉದ್ದದ ಹೊಳಪಿನ ಒಂದು ಬದಿ ಕಪ್ಪಾಗಿದೆ. ಅಲ್ಲಿ ಒಬ್ಬರು ನಿಂತಿದಾರೆ. ಮುಖ ಕಾಣಲ್ಲ. ಆದ್ರೆ ಬೆಕ್ಕಿಗೆ ಕಂಡಿದೆ. ಕಿವಿ ಹಿಂದಕ್ಕೆ ಮಡಚಿಲ್ಲ, ಮೈ ಸೆಟೆದಿಲ್ಲ. ಹೆದರಿಕೆ ಅನ್ನೋದೇ ಇಲ್ಲ. ಬಂದದ್ದು ಅದಕ್ಕೆ ಚೆನ್ನಾಗಿ ಗೊತ್ತಿದ್ದೋರು.”

ಬೂದಿ ಒಮ್ಮೆ ಮೈ ಮುರಿಯಿತು. ಅಕ್ಕನ ತೋಳು ಸಡಿಲವಾಯಿತು.

“ಅವಳು ಮಾತಾಡ್ತಿದ್ದಳು,” ಎಂದಳು ಅಕ್ಕ. ಯಾರನ್ನೂ ನೋಡುತ್ತಿರಲಿಲ್ಲ. “ಬೆಕ್ಕಿನ ಜೊತೆ. ನಾನು ದಾರ ಬದಲಾಯಿಸೋಕೆ ಅಂತ ಮಿಶನ್ ನಿಲ್ಲಿಸಿದ್ದ ಹೊತ್ತು. ಬಾಗಿಲಾಚೆಯಿಂದ ಕೇಳಿಸ್ತು. ‘ಇಲ್ಲಿ ನೋಡು ಕಂದಾ, ಅಮ್ಮನ್ನ ನೋಡು’ ಅಂದಳು.”

ಸಾಹೇಬ ಏನೋ ಕೇಳಹೊರಟ. ಇನ್‌ಸ್ಪೆಕ್ಟರ್ ಕೈ ಎತ್ತಿ ತಡೆದಳು.

“ಅವಳಿಗೆ ಹೆಸರು ಬಂತು. ತಡ್ಕೊಂಡೆ. ಕಾರಲ್ಲಿ ಬಂದೋರು ನನ್ನ ಬಾಗಿಲು ತಟ್ಟಿ ‘ಫೋಟೊದವರ ಮನೆ ಇದೇನಾ’ ಅಂತ ಕೇಳಿ ತಿರುಗಿ ಹೋದ್ರು. ತಡ್ಕೊಂಡೆ. ಅಮ್ಮ ಸಾಯೋವಾಗ ಪಕ್ಕದಲ್ಲಿ ಕೂತಿದ್ದು ನಾನು, ಅವಳು ಕರೆದದ್ದು ತಂಗಿ ಹೆಸರು. ಅದನ್ನೂ ತಡ್ಕೊಂಡೆ. ಬೆಕ್ಕೊಂದು ನಂದಿತ್ತು ಮೇಡಂ. ಅದರ ಫೋಟೊ ಪೇಪರಲ್ಲೆಲ್ಲ ಬಂತು. ‘ಒಡತಿಯನ್ನು ಪ್ರೀತಿಯಿಂದ ನೋಡುತ್ತಿರುವ ಬೆಕ್ಕು’ ಅಂತ ಕೆಳಗೆ ಬರೆದಿದ್ರು. ಯಾರ ಒಡತಿ? ಅಮ್ಮ ಅಂದಳಲ್ಲ, ಯಾರು ಅಮ್ಮ? ನಾನು ಬಾಗಿಲು ತೆಗೆದೆ.”

“ಅವರು ಏನಂದ್ರು?”

“ತಿರುಗಿ ಕೂಡ ನೋಡಲಿಲ್ಲ. ಕ್ಲಿಕ್ ಅಂತ ಸದ್ದಾಯ್ತು. ಆಮೇಲೆ ಕುಣಿಯೋ ಹಾಗೆ ಎದ್ದಳು. ‘ಅಕ್ಕಾ, ಎಂಥಾ ಫೋಟೊ ಸಿಕ್ತು ಗೊತ್ತಾ, ಇದನ್ನ ನೀನು ನೋಡಲೇಬೇಕು’ ಅಂತ ನಕ್ಕಳು. ವರ್ಷ ಆದ ಮೇಲೆ ಬಾಗಿಲು ತೆಗೆದು ನಿಂತಿದೀನಿ, ಅವಳಿಗೆ ಫೋಟೊ! ನನ್ನ ಬೆಕ್ಕು ಕೊಡು ಅಂದೆ. ಅವಳು ಎತ್ಕೊಂಡುಬಿಟ್ಟಳು. ‘ತಾಳೇ, ಮೊದಲು ನಾನು ಹೇಳೋದು ಕೇಳು’ ಅಂತ ಹಿಂದೆ ಹಿಂದೆ ಹೋದಳು. ಮೆಟ್ಟಿಲ ತನಕ ಹೋದಳು. ನಾನು ಕಿತ್ಕೊಂಡೆ. ಬೂದಿ ಪರಚಿ ಹಾರಿತು. ಅವಳು ಇನ್ನೂ ನಗ್ತಾನೇ ಇದ್ದಳು...” ಅವಳು ತನ್ನ ಎರಡು ಅಂಗೈಗಳನ್ನು ನೋಡಿಕೊಂಡಳು. “ತಳ್ಳಿದೆ.”

ಸಹಾಯಕಿ ಬಿಕ್ಕಿದಳು. ಸಾಹೇಬ ಫೋನು ಹಿಡಿದು ಮೆಟ್ಟಿಲಿಳಿದ. ‘ನಾವು ಎಲ್ಲ ಕೋನದಿಂದಲೂ ತನಿಖೆ ಮಾಡಿದ್ವಿ’ ಎಂಬ ಮಾತು ಕೆಳಗಿನಿಂದ ಕೇಳಿಬಂತು. ಇನ್‌ಸ್ಪೆಕ್ಟರಿಗೆ ಉರಿಯಿತು. ಉರಿಯಲಿ ಎಂದುಕೊಂಡಳು. ಈ ಉರಿಯನ್ನು ಹಿಡಿದುಕೊಂಡು ಯಾವ ಮೆಟ್ಟಿಲ ತನಕ ಹೋಗಬಹುದು ಎಂಬುದು ಅವಳ ಎದುರಿಗೇ ಕೂತಿತ್ತು.

“ನೀವು ಈ ಫೋಟೊ ನೋಡಿಲ್ಲ ಅಲ್ವಾ?” ಎಂದು ಕೇಳಿದಳು.

ಅಕ್ಕ ತಲೆಯಾಡಿಸಿದಳು. “ನೆರಳು ಅಂದ್ರಿ. ನೋಡಿದೆನಲ್ಲ.”

“ನೆರಳು ಬಿಡಿ. ಬೆಕ್ಕನ್ನ ನೋಡಿ.”

ಇಡೀ ಫೋಟೊವನ್ನು ಅವಳ ತೊಡೆಯ ಮೇಲಿಟ್ಟಳು. ಮುಂಚಿನ ಚಿತ್ರಗಳ ಆ ಬೇಸರದ ಬೂದಿ ಅಲ್ಲಿರಲಿಲ್ಲ. ಕತ್ತು ಮುಂದೆ ಚಾಚಿತ್ತು. ಮುಂಗಾಲೊಂದು ಆಗಲೇ ಇಳಿಯಲೆಂದು ಎದ್ದಿತ್ತು. ಕಣ್ಣು ತುಂಬ ಬೆಳಕು. ನೋಟ ಕ್ಯಾಮೆರಾದ ಕಡೆಗಿರಲಿಲ್ಲ. ಕ್ಯಾಮೆರಾವನ್ನು ದಾಟಿ, ಅದರ ಹಿಂದೆ ಇದ್ದವಳನ್ನೂ ದಾಟಿ, ಬಾಗಿಲಲ್ಲಿತ್ತು.

ಅಕ್ಕ ಬಹಳ ಹೊತ್ತು ನೋಡಿದಳು. ಒಮ್ಮೆ ಬಾಗಿಲಿನ ಕಡೆ ತಿರುಗಿ, ಅಲ್ಲಿ ಯಾರಿದ್ದರೆಂದು ಹುಡುಕುವವಳಂತೆ ನೋಡಿದಳು. ಮತ್ತೆ ಫೋಟೊ ನೋಡಿದಳು.

“ಇದನ್ನ ತೋರಿಸೋಕೆ... ಇದನ್ನೇ ಹೇಳೋಕೆ ಬಂದಿದ್ದಳಾ ಅವಳು?”

ದಫೇದಾರ ಮೆಲ್ಲಗೆ ಬಂದು ಅಕ್ಕನ ಭುಜ ಮುಟ್ಟಿದ. ಅವಳು ಎದ್ದಳು. ಸಹಾಯಕಿ ಬೂದಿಯನ್ನು ಎತ್ತಿಕೊಳ್ಳಲು ಬಗ್ಗಿದಳು. ಅದು ನುಣುಚಿಕೊಂಡು ಮೆಟ್ಟಿಲಿಳಿದು, ಅಂಗಳ ದಾಟಿ, ಜೀಪಿನ ತನಕ ಅಕ್ಕನ ಹಿಂದೆಯೇ ಹೋಯಿತು.